ಮಾಗಡಿ ಕೆರೆಗೆ ಅರ್ಧ ದಿನ ಸಾಕೇ?

ಡಿಸೆಂಬರ್ ಕೊನೆಯಲ್ಲಿ ವಯಸ್ಸಾದ ತಾಯಿಯವರೊಂದಿಗೆ ಗದಗಿಗೆ ಬರುವುದಾಗಿಯೂ, ಮಾಗಡಿ ಕೆರೆಗೆ ಅರ್ಧ ದಿನ ಸಾಕೇ, ಸಮೀಪದಲ್ಲಿ ಮತ್ತೇನು ನೋಡಬಹುದೆಂದೂ ಕೇಳಿದ್ದೀರಿ. ಸಾಕು, ಆದರೆ ಆ ಅರ್ಧ ದಿನ ಬೆಳಗಿನದಾಗಿರಲಿ.

ಶಿರಹಟ್ಟಿ ತಾಲ್ಲೂಕಿನ ಈ ಕೆರೆ ಗದಗಿನಿಂದ ಸುಮಾರು 26 ಕಿಲೋಮೀಟರ್ ದೂರದಲ್ಲಿದ್ದು, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಹಿಮಾಲಯವನ್ನು ದಾಟಿ ಚಳಿಗಾಲ ಕಳೆಯಲು ಇಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳೇ ಇಲ್ಲಿನ ಮುಖ್ಯ ಆಕರ್ಷಣೆ. ಅವು ಸುತ್ತಲಿನ ಹೊಲಗಳಲ್ಲಿ ಮೇಯ್ದು ಸಾಲುಸಾಲಾಗಿ ನೀರಿಗಿಳಿಯುವುದನ್ನು ದಂಡೆಯ ಮೇಲೆ ಸದ್ದಿಲ್ಲದೆ ಕುಳಿತು ನೋಡಬೇಕು. ಬಿಳಿ ತಲೆಯ ಹಿಂಭಾಗದಲ್ಲಿರುವ ಎರಡು ಕಪ್ಪು ಪಟ್ಟೆಗಳು ದುರ್ಬೀನಿನಲ್ಲಿ ಕಾಡಿಗೆ ಎಳೆದಷ್ಟು ಸ್ಪಷ್ಟವಾಗಿ ಕಾಣುತ್ತವೆ. ದೋಣಿವಿಹಾರದ ನಿರೀಕ್ಷೆ ಇಟ್ಟುಕೊಂಡು ಹೋಗುವ ಕೆರೆ ಇದಲ್ಲ (ನನಗಂತೂ ದೋಣಿಯಿಲ್ಲದ ಕೆರೆಯೇ ಇಷ್ಟ). ತಾಯಿಯವರಿಗಾಗಿ ಮಡಚುವ ಕುರ್ಚಿ, ಕುಡಿಯುವ ನೀರು ಮತ್ತು ಬುತ್ತಿ ಜೊತೆಗಿರಲಿ.

ಅಲ್ಲಿಂದ ಹಾಗೆಯೇ ಲಕ್ಷ್ಮೇಶ್ವರಕ್ಕೆ ಹೋಗಿ. ಪುಲಿಗೆರೆ ಎಂಬ ಹಳೆಯ ಹೆಸರಿನ ಈ ಊರಿನ ಸೋಮೇಶ್ವರ ದೇವಾಲಯದಲ್ಲಿ ಲಿಂಗವಲ್ಲ, ನಂದಿಯ ಮೇಲೆ ಒಟ್ಟಿಗೆ ಕುಳಿತ ಶಿವಪಾರ್ವತಿಯರ ಮೂರ್ತಿಗೆ ಪೂಜೆ ಸಲ್ಲುವುದರಿಂದ, ಅವಸರ ಮಾಡದೆ ಹತ್ತಿರ ನಿಂತು ನೋಡಬೇಕು. ಶಂಖ ಬಸದಿಯೂ ಆದಿಲ್‌ಶಾಹಿ ಕಾಲದ ಮಸೀದಿಯೂ ಅದೇ ಊರಿನಲ್ಲಿವೆ.

ಲಕ್ಕುಂಡಿಯನ್ನು ಮಾತ್ರ ಅದೇ ದಿನಕ್ಕೆ ತುರುಕಬೇಡಿ. ಅಲ್ಲಿನ ಗುಡಿಗಳಿಗೂ ಮೆಟ್ಟಿಲುಬಾವಿಗಳಿಗೂ ಮರುದಿನ ಬೆಳಗ್ಗೆ ಹೋಗಿ, ಸಂಜೆ ಗದಗಿಗೆ ಮರಳಿ ಗಿರಮಿಟ್ಟು, ಮಿರ್ಚಿ ತಿನ್ನಬಹುದು.