ಗೇರ್‌ಬಾಕ್ಸ್‌ನ ಮೇಲಿನ ಎರಡು ಬೋಲ್ಟ್ ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನನ್ನದು ಹಳೆಯ ಆಟೊಮ್ಯಾಟಿಕ್ ಕಾರು, ರಿಯರ್ ವೀಲ್ ಡ್ರೈವ್. ಮುಂದಿನ ಆಯಿಲ್ ಸೀಲ್ ಸೋರುತ್ತಿದೆ ಎಂದು ಗೇರ್‌ಬಾಕ್ಸ್ ಇಳಿಸುತ್ತಿದ್ದೇನೆ. ಬೆಲ್ ಹೌಸಿಂಗ್‌ನ (ಗೇರ್‌ಬಾಕ್ಸ್ ಎಂಜಿನ್‌ಗೆ ಸೇರುವ ಕಡೆಯ ಗಂಟೆಯಾಕಾರದ ಕವಚ) ಕೆಳಗಿನ ಬೋಲ್ಟ್‌ಗಳು ಬಂದವು. ಮೇಲಿನ ಎರಡಕ್ಕೆ ಸ್ಪ್ಯಾನರ್ ಸರಿಯಾಗಿ ಕೂರುವುದೇ ಇಲ್ಲ, ಒಂದರ ತಲೆ ಸವೆಯುತ್ತಿದೆ. ಬಿಚ್ಚುವುದು ಹೇಗೆ? ವಾಪಸ್ ಹಾಕುವಾಗ ಏನು ನೋಡಿಕೊಳ್ಳಬೇಕು?

ಉತ್ತರ: ಮೊದಲು ಆ ಸ್ಪ್ಯಾನರ್ ಕೆಳಗಿಡಿ. ಮೇಲಿನ ಬೋಲ್ಟ್‌ಗಳು ಹಟ ಮಾಡುವುದು ತುಕ್ಕಿಗಿಂತ ಜಾಸ್ತಿ ಜಾಗ ಇಲ್ಲದ್ದಕ್ಕೆ. ಸಾಕೆಟ್ ಓರೆಯಾಗಿ ಕೂತರೆ ತಲೆ ಸವೆಯದೆ ಇನ್ನೇನಾಗುತ್ತದೆ?

ಕಾರು ಗಟ್ಟಿ ಸ್ಟ್ಯಾಂಡ್ ಮೇಲಿದೆ, ಬ್ಯಾಟರಿ ಕಳಚಿದ್ದೀರಿ, ಪ್ರೊಪೆಲ್ಲರ್ ಶಾಫ್ಟ್ ತೆಗೆದಿದ್ದೀರಿ ಅಂದುಕೊಳ್ಳುತ್ತೇನೆ. ಗೇರ್‌ಬಾಕ್ಸ್‌ಗೆ ಜಾಕ್ ಕೊಡಿ, ತಳದ ಆಯಿಲ್ ಪ್ಯಾನ್ ಬಾಗದಂತೆ ನಡುವೆ ಹಲಗೆ ಇಡಿ. ಹಿಂದಿನ ಕ್ರಾಸ್ ಮೆಂಬರ್ (ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ) ಬಿಚ್ಚಿ ಹಿಂಭಾಗವನ್ನು ನಿಧಾನಕ್ಕೆ ಇಳಿಸಿ. ಎಂಜಿನ್ನೂ ಹಿಂದಕ್ಕೆ ವಾಲುತ್ತದೆ, ಹಾಗಾಗಿ ಫ್ಯಾನ್, ಹೋಸ್, ವೈರುಗಳ ಮೇಲೆ ಕಣ್ಣಿರಲಿ. ಈಗ ಗೇರ್‌ಬಾಕ್ಸ್ ಮೇಲೆ ಸಂದಿ ಬಿಡುತ್ತದೆ. ಎಕ್ಸ್‌ಟೆನ್ಷನ್ ರಾಡ್‌ಗಳನ್ನು ಒಂದಕ್ಕೊಂದು ಸೇರಿಸಿ, ತುದಿಗೆ ಯೂನಿವರ್ಸಲ್ ಜಾಯಿಂಟ್ ಹಾಕಿ, ಹಿಂದಿನಿಂದ ತೂರಿಸಿ. ಜಾಯಿಂಟ್ ಜೋತು ಬೀಳದಂತೆ ಒಂದು ಸುತ್ತು ಟೇಪ್ ಸುತ್ತಿ. ರಾಚೆಟ್ ಹಿಂದುಗಡೆ ಇರುವುದರಿಂದ ತೋಳಿಗೆ ಬೇಕಾದಷ್ಟು ಜಾಗ ಸಿಗುತ್ತದೆ.

ಆರು ಮೂಲೆಯ ಸಾಕೆಟ್ಟೇ ಬಳಸಿ, ಹನ್ನೆರಡರದ್ದು ಬೇಡ. ಬೋಲ್ಟ್‌ನ ತಲೆ ನಕ್ಷತ್ರದ ಆಕಾರದಲ್ಲಿದ್ದರೆ ಅದು ಇ-ಟಾರ್ಕ್ಸ್, ಅದಕ್ಕೆ ಬೇರೆಯೇ ಸಾಕೆಟ್ ಬೇಕು. ಸವೆದ ತಲೆಗೆ ಬೋಲ್ಟ್ ಎಕ್ಸ್‌ಟ್ರ್ಯಾಕ್ಟರ್ ಸಾಕೆಟ್ ಬಡಿದು ಕೂರಿಸಿ.

ನಿಜವಾಗಿಯೂ ಹಿಡಿದುಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಬಿಚ್ಚುವ ಮುಂಚೆ ಒಂದು ಚೂರು ಬಿಗಿ ಮಾಡಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಹಿಡಿತ ಬಿಡುತ್ತದೆ. ಆಮೇಲೂ ಬರದಿದ್ದರೆ ಎಣ್ಣೆ ಒರೆಸಿ, ಬೋಲ್ಟ್ ಸುತ್ತಲಿನ ಕವಚಕ್ಕೆ ಹಾಟ್ ಏರ್ ಗನ್ ಹಿಡಿಯಿರಿ. ಕವಚದ ಅಲ್ಯೂಮಿನಿಯಂ ಬೋಲ್ಟ್‌ನ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೆಂಕಿ ಮಾತ್ರ ಬೇಡ, ಪಕ್ಕದಲ್ಲೇ ಆಯಿಲ್ಲೂ ಪೆಟ್ರೋಲ್ ಪೈಪೂ ಇರುತ್ತವೆ.

ಬೋಲ್ಟ್‌ಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಹೌಸಿಂಗ್ ಚಿತ್ರ ಬರೆದು, ಎಲ್ಲಿಂದ ಬಂದಿದ್ದೋ ಅಲ್ಲೇ ಚುಚ್ಚಿಡಿ.

ವಾಪಸ್ ಹಾಕುವಾಗ ಹೆಚ್ಚಿನವರು ಎಡವುವುದು ಟಾರ್ಕ್ ಕನ್ವರ್ಟರ್‌ನಲ್ಲಿ, ಅಂದರೆ ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ದುಂಡನೆಯ ಭಾಗದಲ್ಲಿ. ಅದನ್ನು ತಿರುಗಿಸುತ್ತಾ ಒಳಕ್ಕೆ ಒತ್ತಿ. ಎರಡು ಮೂರು ಸಲ ಟಕ್ ಎಂದು ಒಳಗೆ ಇಳಿಯುತ್ತದೆ. ಒಂದೇ ಸಲಕ್ಕೆ ಕೂತಿತು ಅನ್ನಿಸಿದರೆ ನಂಬಬೇಡಿ. ಹೌಸಿಂಗ್ ಅಂಚಿಗೆ ನೇರ ಪಟ್ಟಿ ಇಟ್ಟು, ಕನ್ವರ್ಟರ್ ಎಷ್ಟು ಒಳಗಿದೆ ಎಂದು ಅಳೆದು ಮ್ಯಾನ್ಯುಯಲ್ ಜೊತೆ ತಾಳೆ ನೋಡಿ. ಆಮೇಲೆ ಗೇರ್‌ಬಾಕ್ಸ್ ಎಂಜಿನ್‌ಗೆ ಕೈಯಲ್ಲಿ ತಳ್ಳಿದರೇ ಸಂದಿಯಿಲ್ಲದೆ ಕೂರಬೇಕು. ಸಂದಿ ಉಳಿದರೆ ಬೋಲ್ಟ್ ಬಿಗಿದು ಎಳೆಯಬೇಡಿ, ಒಳಗಿನ ಪಂಪ್ ಒಡೆಯುತ್ತದೆ. ಹೊರಗೆ ತೆಗೆದು ಮತ್ತೆ ಕೂರಿಸಿ.

ಥ್ರೆಡ್‌ಗಳನ್ನು ಒಣ ಬ್ರಷ್‌ನಲ್ಲಿ ಉಜ್ಜಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಒರೆಸಲೇಬೇಕು, ಇಲ್ಲದಿದ್ದರೆ ಬೋಲ್ಟ್ ಒತ್ತಡಕ್ಕೆ ತೂತಿನ ಸುತ್ತಲಿನ ಲೋಹ ಬಿರುಕು ಬಿಡಬಹುದು. ಎಲ್ಲಾ ಬೋಲ್ಟ್‌ಗಳನ್ನೂ ಮೊದಲು ಬೆರಳಲ್ಲೇ ತಿರುಗಿಸಿ, ಕೊನೆಗೆ ಮ್ಯಾನ್ಯುಯಲ್‌ನ ಅಳತೆಗೆ ಟಾರ್ಕ್ ರೆಂಚ್ ಹಿಡಿಯಿರಿ. ತಲೆ ಸವೆದ ಆ ಬೋಲ್ಟನ್ನು ಮತ್ತೆ ಹಾಕಬೇಡಿ, ಅದೇ ಉದ್ದ, ಅದೇ ಗ್ರೇಡಿನ ಹೊಸದು ತನ್ನಿ.