ಹಿಟ್‌ಔಟ್ ಎಣಿಸೋದನ್ನು ಸ್ವಲ್ಪ ನಿಲ್ಲಿಸ್ತೀರಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ರಕ್‌ಮನ್ ಬಗ್ಗೆಯೇ. ಆಟ ಮತ್ತೆ ಶುರುವಾಗುವಾಗ ಅಂಪೈರ್ ಹಾಕಿದ ಚೆಂಡನ್ನು ಹಾರಿ ತನ್ನವರ ಕಡೆ ತಟ್ಟುವ ಎತ್ತರದ ಆಟಗಾರನೇ ರಕ್‌ಮನ್, ಆ ತಟ್ಟೇ ಹಿಟ್‌ಔಟ್. ಮೆಲ್ಬರ್ನ್, ಪರ್ತ್, ಅಡಿಲೇಡ್ ಕಡೆ ಇರುವ ನಮ್ಮವರು ಫೂಟಿಯನ್ನು, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲನ್ನು, ಇಷ್ಟು ಹಚ್ಚಿಕೊಂಡಿದ್ದು ಖುಷಿಯ ವಿಷಯವೇ. ಆದರೆ ಒಂದೇ ಪ್ರಶ್ನೆಯನ್ನು ಎಷ್ಟು ಸಲ ಅಂತ ಓದುವುದು? ಆಟದ ನಿಯಮಗಳನ್ನು ಇಲ್ಲಿ ಹೇಳುವುದಿಲ್ಲ. ಗೋಲಿಗೆ 6 ಪಾಯಿಂಟ್, ಸ್ವಲ್ಪದರಲ್ಲಿ ತಪ್ಪಿದ ಬಿಹೈಂಡಿಗೆ 1 ಅನ್ನುವುದು ಗೊತ್ತಿಲ್ಲದವರು ಮೊದಲು ಒಂದು ಮ್ಯಾಚ್ ನೋಡಿ ಬನ್ನಿ.

ಒಬ್ಬರ ಪ್ರಶ್ನೆ: ನಮ್ಮ ತಂಡದ ರಕ್‌ಮನ್‌ಗೆ 21 ವರ್ಷ, ಎತ್ತರ 203 ಸೆಂಟಿಮೀಟರ್. ಕಳೆದ ವಾರ ಎದುರಾಳಿಗೆ 38 ಹಿಟ್‌ಔಟ್, ಇವನಿಗೆ ಬರೀ 14. ಫಾರ್ಮ್ ಕಳೆದುಕೊಂಡಿದ್ದಾನಾ, ಇಲ್ಲ ಹುಡುಗನಲ್ಲಿ ಸರಕೇ ಇಲ್ವಾ?

ಫಾರ್ಮ್ ಕಳೆದುಕೊಳ್ಳಬೇಕಾದರೆ ಮೊದಲು ಅದು ಕೈಯಲ್ಲಿ ಇರಬೇಕು. 21ಕ್ಕೆ ಮಿಡ್‌ಫೀಲ್ಡರ್ ತಯಾರಾಗಿರಬಹುದು. ರಕ್‌ಮನ್ ತಯಾರಾಗಿರುವುದು ಅಪರೂಪ. ನೂರು ಕಿಲೋ ದಾಟಿದ ಗಂಡಸಿನ ಜೊತೆ ಎರಡು ಗಂಟೆ ಮೈಗೆ ಮೈ ಒತ್ತಿ ಗುದ್ದಾಡುವ ಕೆಲಸ ಅದು. ಉದ್ದ ಬೇಗ ಬರುತ್ತದೆ. ಸೊಂಟ, ತೊಡೆ, ಬೆನ್ನಿಗೆ ಬಲ ಬರಲು ಇನ್ನೂ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ರಕ್‌ಮನ್ ಮ್ಯಾಕ್ಸ್ ಗಾನ್‌ನನ್ನು ಮೆಲ್ಬರ್ನ್ ಕ್ಲಬ್ 2009ರ ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) 34ನೇ ಆಯ್ಕೆಯಾಗಿ ತೆಗೆದುಕೊಂಡಿತು. ಮೊಣಕಾಲು ಕೈಕೊಟ್ಟಿತು. ಹೆಸರು ಮಾಡದೆಯೇ ಹಲವು ಸೀಸನ್ ಕಳೆದವು. ಮೊದಲ ಸಲ ಆಲ್-ಆಸ್ಟ್ರೇಲಿಯನ್ ಆಗಿದ್ದು, ಅಂದರೆ ವರ್ಷದ ಅತ್ಯುತ್ತಮರ ತಂಡಕ್ಕೆ ಆಯ್ಕೆಯಾಗಿದ್ದು, 2016ರಲ್ಲಿ. 2021ರಲ್ಲಿ 57 ವರ್ಷಗಳ ಬರ ನೀಗಿಸಿ ಮೆಲ್ಬರ್ನ್ ತಂಡ ಲೀಗ್ ಕಪ್ ಎತ್ತಿದಾಗ ಕ್ಯಾಪ್ಟನ್ ಅವನೇ. ಅವನ 21ನೇ ವಯಸ್ಸಿನಲ್ಲಿ ನಿಮ್ಮಂಥವರ ಕೈಗೆ ತಂಡ ಸಿಕ್ಕಿದ್ದರೆ?

ಇನ್ನು ಆ 38 ಮತ್ತು 14ಕ್ಕೆ ಬರೋಣ. ಚೆಂಡನ್ನು ಮೊದಲು ತಟ್ಟಿದ್ದು ಯಾರು ಅನ್ನುವುದಷ್ಟೇ ಹಿಟ್‌ಔಟ್. ತಟ್ಟಿದ ಚೆಂಡು ನೇರ ಎದುರು ತಂಡದವನ ಕೈಗೆ ಬಿದ್ದರೂ ಲೆಕ್ಕಕ್ಕೆ ಒಂದು ಸೇರಿಬಿಡುತ್ತದೆ. ಅದಕ್ಕೇ ‘ಹಿಟ್‌ಔಟ್ ಟು ಅಡ್ವಾಂಟೇಜ್’ ಅಂತ ಬೇರೆ ಕಾಲಮ್ ಇರೋದು. ಅಂದರೆ ತನ್ನವರ ಕೈಗೇ ಸಲೀಸಾಗಿ ತಲುಪಿದ್ದು. ಒಳ್ಳೊಳ್ಳೆಯವರಿಗೂ ಅದು ಒಟ್ಟು ಹಿಟ್‌ಔಟ್‌ನ ಅರ್ಧದಷ್ಟು ಬರಲ್ಲ. ವೆಸ್ಟ್ ಕೋಸ್ಟ್ ಕ್ಲಬ್‌ನ ನಿಕ್ ನೈಟಾನುಯಿ 201 ಸೆಂಟಿಮೀಟರ್ ಇದ್ದ. ಈ ಕೆಲಸಕ್ಕೆ ಅದು ದೊಡ್ಡ ಎತ್ತರವೇನಲ್ಲ. ಆದರೆ ಓಡಿ ಬರುವವನ ಎದೆ ಮುಂದೆ ಚೆಂಡನ್ನು ಇಟ್ಟುಕೊಡುತ್ತಿದ್ದ. ಹಾಗೆ ಇಟ್ಟುಕೊಟ್ಟ ಒಂದು, ಸುಮ್ನೆ ಗುದ್ದಿದ ಐದಕ್ಕೆ ಸಮ.

ಹಾಗಾದರೆ ನೋಡಬೇಕಾದ್ದು ಏನು? ನಾನು ಎಳೆಯ ರಕ್‌ಮನ್‌ನನ್ನು ಅಳೆಯುವಾಗ ಮೊದಲು ನೋಡುವುದು ಬೌಂಡರಿ ಥ್ರೋ-ಇನ್, ಅಂದರೆ ಗೆರೆಯಾಚೆ ಹೋದ ಚೆಂಡನ್ನು ಮತ್ತೆ ಒಳಗೆ ಎಸೆಯುವುದು. ಸೆಂಟರ್‌ನ ಹಾರಾಟ ಟಿವಿಗೆ ಚೆಂದ, ಆದರೆ ಅದು ಕಡಿಮೆ ಸಲ ಬರುತ್ತದೆ. ಎರಡೂ ತಂಡ ಸೇರಿ 25 ಗೋಲ್ ಹೊಡೆದರೂ ಸೆಂಟರ್‌ನಲ್ಲಿ ಆಟ ಶುರುವಾಗೋದು 29 ಸಲ: ಪ್ರತಿ ಗೋಲ್ ಆದ ಮೇಲೆ, ಮತ್ತೆ ನಾಲ್ಕು ಕ್ವಾರ್ಟರ್‌ಗಳ ಶುರುವಿಗೆ. ಉಳಿದ ಗುದ್ದಾಟವೆಲ್ಲ ಗೆರೆಯ ಹತ್ತಿರ, ಇಲ್ಲವೇ ಮೈದಾನದ ಮಧ್ಯೆ ಚೆಂಡು ಸಿಕ್ಕಿಹಾಕಿಕೊಂಡಲ್ಲಿ.

ಥ್ರೋ-ಇನ್‌ನಲ್ಲಿ ಅಂಪೈರ್ ಮೈದಾನಕ್ಕೆ ಬೆನ್ನು ಹಾಕಿ ನಿಂತು, ಚೆಂಡನ್ನು ತಲೆ ಮೇಲಿಂದ ಹಿಂದಕ್ಕೆ ಎಸೆಯುತ್ತಾನೆ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತೆ. ನೀವು ಹೋಗಬೇಡಿ. ಹುಡುಗನ ಕಾಲು ನೋಡಿ. ಹದಿನೆಂಟು ಹತ್ತೊಂಬತ್ತರ ಹುಡುಗ ಚೆಂಡು ಬೀಳುವ ಜಾಗಕ್ಕೆ ಮೊದಲೇ ಹೋಗಿ, ನೆಟ್ಟಗೆ ನಿಂತು, ಮೇಲೆ ನೋಡ್ತಾ ಇರುತ್ತಾನೆ. ಹಳೆ ಹುಲಿ ಬಂದು ಸೊಂಟಕ್ಕೆ ಸೊಂಟ ತಾಗಿಸಿ ಒಂದೇ ಒಂದು ಹೆಜ್ಜೆ ಮುಂದಕ್ಕೆ ದಬ್ಬುತ್ತಾನೆ. ಅಷ್ಟೇ. ಚೆಂಡು ಹುಡುಗನ ತಲೆ ದಾಟಿ ಹೋಗುತ್ತದೆ, ಹಿಂದಿರುವವನು ಕಾಲು ನೆಲದಿಂದ ಎತ್ತದೆ ತಟ್ಟುತ್ತಾನೆ. ನಿಮ್ಮ ಲೆಕ್ಕದಲ್ಲಿ ಅದು ಎತ್ತರದ ಸೋಲು. ನಿಜಕ್ಕೂ ಅದು ಹೆಜ್ಜೆಯ ಸೋಲು.

ಬೆಳೆಯುತ್ತಿರುವ ಹುಡುಗ ಏನು ಮಾಡುತ್ತಾನೆ ಗೊತ್ತಾ? ಬೀಳುವ ಜಾಗದಿಂದ ಅರ್ಧ ಹೆಜ್ಜೆ ಹಿಂದೆ ನಿಲ್ಲುತ್ತಾನೆ. ಮೊಣಕಾಲು ಮಡಚಿ ತಗ್ಗುತ್ತಾನೆ. ಎದುರಾಳಿಯ ತೂಕವನ್ನು ಮುಂಗೈ ಮೇಲೆ ತಾಳಿಕೊಂಡು, ಕೊನೆ ಗಳಿಗೆಯಲ್ಲಿ ಬಿಡಿಸಿಕೊಂಡು ಹಾರುತ್ತಾನೆ. ಗೆಲ್ಲದಿದ್ದರೂ ಎದುರಾಳಿಯ ಕೈ ಅಲುಗಾಡಿಸುತ್ತಾನೆ. ಆ ತಟ್ಟು ಹೋಗಬೇಕಾದ ಕಡೆ ಹೋಗಲ್ಲ. ಇದಕ್ಕೆ ಯಾವ ಕಾಲಮ್ಮೂ ಇಲ್ಲ. ಪಟ್ಟಿಯಲ್ಲಿ ಎದುರಾಳಿಗೇ ಹಿಟ್‌ಔಟ್ ಸಿಗುತ್ತದೆ. ನಿಮ್ಮ ಆ 38ರಲ್ಲಿ ಇಂಥವು ಎಷ್ಟಿದ್ದವು ಅಂತ ನೋಡಿದ್ದೀರಾ?

ಆಮೇಲೆ, ಚೆಂಡು ನೆಲಕ್ಕೆ ಬಿದ್ದ ಮೇಲಿನ ಮೂರು ಸೆಕೆಂಡ್. ತಟ್ಟಿ ಮುಗಿಯಿತು ಅಂತ ಕೈ ಸೊಂಟಕ್ಕೆ ಇಟ್ಟರೆ ನನಗೆ ಆ ಹುಡುಗ ಬೇಡ. ಕೆಳಗೆ ಬಗ್ಗಿ ಟ್ಯಾಕಲ್ ಮಾಡಬೇಕು, ಇಲ್ಲವೇ ತನ್ನವನಿಗೆ ದಾರಿ ಮಾಡಿಕೊಡಲು ಅಡ್ಡ ನಿಲ್ಲಬೇಕು. ವೆಸ್ಟರ್ನ್ ಬುಲ್‌ಡಾಗ್ಸ್‌ನ ಟಿಮ್ ಇಂಗ್ಲಿಷ್ ಇದಕ್ಕೆ ಒಳ್ಳೆಯ ಪಾಠ. 2016ರ ಡ್ರಾಫ್ಟ್‌ನಲ್ಲಿ 19ನೇ ಆಯ್ಕೆ. ಬಂದಾಗ ಬಳ್ಳಿಯ ಹಾಗಿದ್ದ. ದಪ್ಪನೆಯ ರಕ್‌ಮನ್‌ಗಳು ಅವನನ್ನು ವಾರ ವಾರವೂ ಪಕ್ಕಕ್ಕೆ ತಳ್ಳುತ್ತಿದ್ದರು, ಜನ ಆಗಲೂ ಹಿಟ್‌ಔಟ್ ಹಿಡಿದು ಅಳುತ್ತಿದ್ದರು. ಆದರೆ ಅವನು ಮಿಡ್‌ಫೀಲ್ಡರ್ ಥರ ಓಡುತ್ತಿದ್ದ, ನೆಲದ ಚೆಂಡು ಎತ್ತುತ್ತಿದ್ದ, ಮೈದಾನದ ಆ ತುದಿಯಿಂದ ಈ ತುದಿಗೆ ಬಂದು ಮಾರ್ಕ್ (ಒದ್ದ ಚೆಂಡಿನ ಕ್ಯಾಚ್) ಹಿಡಿಯುತ್ತಿದ್ದ. 2021ರ ಗ್ರ್ಯಾಂಡ್ ಫೈನಲ್‌ನಲ್ಲಿ ಗಾನ್‌ನ ಮೆಲ್ಬರ್ನ್ ಎದುರು ಅವನ ತಂಡ 74 ಪಾಯಿಂಟ್‌ಗಳಿಂದ ಸೋತಿತು. ಎರಡೇ ವರ್ಷಕ್ಕೆ, 2023ರಲ್ಲಿ, ಅವನೇ ಆಲ್-ಆಸ್ಟ್ರೇಲಿಯನ್ ರಕ್‌ಮನ್.

ಇನ್ನೊಂದು ಜಾಗವಿದೆ, ಅದನ್ನು ಯಾರೂ ನೋಡಲ್ಲ. ಡಿಫೆನ್ಸ್‌ನವರಿಗೆ ದಾರಿ ಕಾಣದಾಗ ಗೆರೆಯ ಗುಂಟ ಉದ್ದಕ್ಕೆ ಒದೆಯುತ್ತಾರೆ. ಆ ಒದೆತದ ಕೆಳಗೆ ಇರಬೇಕಾದವನು ರಕ್‌ಮನ್. ಅಲ್ಲಿ ಅವನು ಮಾರ್ಕ್ ಹಿಡಿದರೆ ಸರಿಯೇ. ಹಿಡಿಯದಿದ್ದರೂ ಎದುರಿನವನಿಗೆ ಹಿಡಿಯಲು ಬಿಡದೆ, ಗುದ್ದಿ ಗೆರೆಯಾಚೆ ಕಳಿಸಿದರೆ ಅದೂ ಕೆಲಸವೇ. ನಾಲ್ಕನೇ ಕ್ವಾರ್ಟರ್‌ನಲ್ಲೂ ಆ ಜಾಗಕ್ಕೆ ಬಂದು ಸೇರುತ್ತಾನಾ? ಮೂರನೆಯದರಲ್ಲಿ ಬಂದು ನಾಲ್ಕರಲ್ಲಿ ಬರದಿದ್ದರೆ ಸಮಸ್ಯೆ ಫಿಟ್‌ನೆಸ್‌ದು. ಅದು ಸರಿಹೋಗುತ್ತದೆ. ಮೊದಲ ಕ್ವಾರ್ಟರ್‌ನಲ್ಲೇ ಬರದಿದ್ದರೆ ಸಮಸ್ಯೆ ತಲೆಯದು. ಆಗ ನಿಮ್ಮ ಜೊತೆ ನಾನೂ ಚಿಂತೆ ಮಾಡ್ತೀನಿ.

ಪಾತ್ರ ಏನು ಅನ್ನುವುದನ್ನೂ ವಿಚಾರಿಸಿ. ಬ್ರೋಡಿ ಗ್ರಂಡಿ 2018 ಮತ್ತು 2019ರಲ್ಲಿ ಕಾಲಿಂಗ್‌ವುಡ್‌ನಲ್ಲಿದ್ದಾಗ ಆಲ್-ಆಸ್ಟ್ರೇಲಿಯನ್. 2023ರಲ್ಲಿ ಮೆಲ್ಬರ್ನ್‌ಗೆ ಬಂದು ಗಾನ್ ಜೊತೆ ಕೆಲಸ ಹಂಚಿಕೊಳ್ಳಬೇಕಾಯಿತು, ಕೊನೆಗೆ ಕೆಳಗಿನ ದರ್ಜೆಯ ವಿಎಫ್‌ಎಲ್‌ನಲ್ಲಿ ಆಡುವ ಹಾಗಾಯಿತು. ಮುಗಿಯಿತು ಅಂದವರೇ ಜಾಸ್ತಿ. ಮುಂದಿನ ವರ್ಷ ಸಿಡ್ನಿಯಲ್ಲಿ ಮುಖ್ಯ ರಕ್‌ಮನ್ ಆಗಿ ಗ್ರ್ಯಾಂಡ್ ಫೈನಲ್ ಆಡಿದ. ಮನುಷ್ಯ ಅವನೇ, ಕೆಲಸ ಬೇರೆ. ನಿಮ್ಮ ಹುಡುಗ ಅರ್ಧ ಹೊತ್ತು ಫಾರ್ವರ್ಡ್‌ನಲ್ಲಿ ನಿಂತಿದ್ದರೆ 14 ಅನ್ನುವುದು ಕಡಿಮೆಯೇ ಅಲ್ಲ.

ಹೋಲಿಸಲೇಬೇಕು ಅಂದರೆ ಹೀಗೆ ಮಾಡಿ. ದೊಡ್ಡ ಲೀಗ್ ಎಎಫ್‌ಎಲ್‌ನಲ್ಲಿ 18 ತಂಡ, ಪ್ರತಿ ತಂಡಕ್ಕೆ 23 ಮ್ಯಾಚ್. ಅಂದರೆ ಆರು ತಂಡಗಳು ಎರಡೆರಡು ಸಲ ಎದುರಾಗುತ್ತವೆ. ಅದೇ ಎದುರಾಳಿ ರಕ್‌ಮನ್ ಎದುರು ಏಪ್ರಿಲ್‌ನಲ್ಲಿ ಹೇಗಿದ್ದ, ಜುಲೈಯಲ್ಲಿ ಹೇಗಿದ್ದ ನೋಡಿ. ಒಂದು ವಾರ ಗಾನ್ ಎದುರು, ಮರುವಾರ ಯಾರೋ ಮೊದಲ ಮ್ಯಾಚ್ ಆಡುವವನ ಎದುರು, ಎರಡನ್ನೂ ಕೂಡಿಸಿ ಸರಾಸರಿ ತೆಗೆದು ನನಗೆ ಕಳಿಸಬೇಡಿ. ಹಳೆ ವರ್ಷಗಳ ಅಂಕಿ ಹಿಡಿದು ಬರುವಾಗಲೂ ಹುಷಾರು. 2026ರಿಂದ ಸೆಂಟರ್‌ನಲ್ಲಿ ಚೆಂಡನ್ನು ನೆಲಕ್ಕೆ ಬಡಿದು ಚಿಮ್ಮಿಸುವ ಬೌನ್ಸ್ ಇಲ್ಲ, ಅಂಪೈರ್ ಚೆಂಡನ್ನು ನೇರ ಮೇಲಕ್ಕೆ ಎಸೆಯುತ್ತಾನೆ. ಚೆಂಡು ಎಲ್ಲಿ ಬರುತ್ತೆ ಅನ್ನುವುದು ಮೊದಲೇ ಗೊತ್ತಿದ್ದರೆ ಹಾರುವವನಿಗೆ ಲಾಭ.

ನನ್ನ ಮಟ್ಟಿಗೆ 23 ತುಂಬುವ ತನಕ ಯಾವ ರಕ್‌ಮನ್ ಬಗ್ಗೆಯೂ ‘ಆಗಲ್ಲ’ ಅಂತ ಬರೆದುಕೊಡುವುದಿಲ್ಲ. ಇದು ಅತಿ ಎಚ್ಚರಿಕೆ ಅಂತ ಕೆಲವು ಕೋಚ್‌ಗಳು ನಗುತ್ತಾರೆ. ನಗಲಿ.

ಮಗನಿಗೆ 16, ಎತ್ತರ 185. ಊರಿಂದ ಎತ್ತರ ಬೆಳೆಸುವ ಪೌಡರ್ ತರಿಸಿದ್ದೇವೆ. ಕೊಡಬಹುದಾ?

ಡಬ್ಬಿ ಸಮೇತ ಕಸಕ್ಕೆ ಹಾಕಿ. ಎತ್ತರ ಬಹುಪಾಲು ಅಪ್ಪ ಅಮ್ಮನಿಂದ ಬರುತ್ತದೆ. ಮೂಳೆಯ ಬೆಳವಣಿಗೆಯ ತುದಿಗಳು ಮುಚ್ಚಿದ ಮೇಲೆ ಯಾವ ಪುಡಿಯೂ ಒಂದು ಸೆಂಟಿಮೀಟರ್ ಸೇರಿಸಲ್ಲ. ‘ಆಯುರ್ವೇದ, ಸೈಡ್ ಎಫೆಕ್ಟ್ ಇಲ್ಲ’ ಅಂತ ಅಚ್ಚು ಹಾಕಿಸಿ ಮಾರುವವರ ಮೇಲೆ ನನಗೆ ಇರುವ ಸಿಟ್ಟನ್ನು ಪೂರ್ತಿ ಬರೆದರೆ ಅಂಕಣ ಸಾಲದು. ಡಬ್ಬಿಯೊಳಗೆ ಏನಿದೆ ಅಂತ ನಿಮಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿಲ್ಲ. ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ‘ಗೊತ್ತಿರಲಿಲ್ಲ’ ಅನ್ನುವುದು ತಪ್ಪಿಸಿಕೊಳ್ಳುವ ದಾರಿಯಲ್ಲ. ಎಸೆಂಡನ್ ಕ್ಲಬ್‌ನ ಸಪ್ಲಿಮೆಂಟ್ ಪ್ರಕರಣದಲ್ಲಿ 34 ಆಟಗಾರರಿಗೆ 2016ರಲ್ಲಿ ನಿಷೇಧ ಬಿತ್ತು. ಕ್ಲಬ್ಬಿನವರು ಹೇಳಿದ್ದನ್ನು ನಂಬಿದ್ದೆವು ಅಂದವರಿಗೂ ರಿಯಾಯಿತಿ ಸಿಗಲಿಲ್ಲ. ಮಗನಿಗೆ ಹೊಟ್ಟೆ ತುಂಬ ಊಟ ಹಾಕಿ, ನಿದ್ದೆ ಮಾಡಲು ಬಿಡಿ.

ಫ್ಯಾಂಟಸಿ ತಂಡದಲ್ಲಿ ಈ ವಾರ ಯಾವ ರಕ್‌ಮನ್‌ನನ್ನು ಹಾಕಲಿ?

ಗೊತ್ತಿಲ್ಲ, ಗೊತ್ತಿದ್ದರೂ ಹೇಳಲ್ಲ.

ಮಗಳು ಬಾಸ್ಕೆಟ್‌ಬಾಲ್ ಆಡುತ್ತಾಳೆ. ರಕ್ ಆಡಲು ತಡವಾಯಿತಾ?

ಇಲ್ಲ. ಮಹಿಳೆಯರ ಲೀಗ್ 2017ರಿಂದಲೇ ಇದೆ, ದಾರಿ ತೆರೆದಿದೆ. ಅಮೆರಿಕದ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದ, 211 ಸೆಂಟಿಮೀಟರಿನ ಮೇಸನ್ ಕಾಕ್ಸ್ 2016ರಲ್ಲಿ ಕಾಲಿಂಗ್‌ವುಡ್ ಪರ ಕಣಕ್ಕಿಳಿದ. ಐರ್ಲೆಂಡಿನಿಂದ ಬಂದ ಜಿಮ್ ಸ್ಟೈನ್ಸ್ ಈ ಉದ್ದನೆ ಚೆಂಡನ್ನು ಇಲ್ಲಿಗೆ ಬಂದ ಮೇಲೆ ಕಲಿತು 1991ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಗೆದ್ದ. ಮಗಳನ್ನು ಕ್ಲಬ್ಬಿಗೆ ಕರೆದುಕೊಂಡು ಹೋಗಿ.

ತರಗತಿಯಲ್ಲೇ ಉದ್ದ ಅಂತ 13ರ ಮಗನನ್ನು ಇಡೀ ಮ್ಯಾಚ್ ರಕ್‌ನಲ್ಲೇ ನಿಲ್ಲಿಸುತ್ತಾರೆ. ಮಂಡಿ ಕೆಳಗೆ ನೋವು ಅಂತಾನೆ. ತಾಮ್ರದ ಪಟ್ಟಿ ಕಟ್ಟಿದರೆ ಸಾಕಾ?

ಸಾಕಾಗಲ್ಲ. ತಾಮ್ರದಿಂದ ನಿಮ್ಮ ದುಡ್ಡು ಹೋಗುತ್ತೆ, ನೋವು ಹೋಗಲ್ಲ. ಬೆಳೆಯುವ ವಯಸ್ಸಿನಲ್ಲಿ ಜಾಸ್ತಿ ಹಾರುವ, ಓಡುವ ಮಕ್ಕಳಿಗೆ ಮಂಡಿಚಿಪ್ಪಿನ ಕೆಳಗಿನ ಮೂಳೆಯುಬ್ಬಿನಲ್ಲಿ ನೋವು ಬರುವುದು ಸಾಮಾನ್ಯ. ಫಿಸಿಯೋಗೆ ತೋರಿಸಿ, ಹಾರಾಟ ಕಡಿಮೆ ಮಾಡಿಸಿ. ಇಬ್ಬರು ರಕ್‌ಮನ್ ಡಿಕ್ಕಿ ಹೊಡೆದಾಗ ಮಂಡಿಯ ಹಿಂಬದಿಯ ಲಿಗಮೆಂಟ್ ಹರಿಯುವುದು ಜಾಸ್ತಿಯಾಯಿತು ಅಂತಲೇ ಎಎಫ್‌ಎಲ್ 2005ರಲ್ಲಿ ಸೆಂಟರ್‌ನ ಓಟವನ್ನು 10 ಮೀಟರ್ ವೃತ್ತದೊಳಗೆ ಕಟ್ಟಿಹಾಕಿತು. ಸಂಬಳ ತೆಗೆದುಕೊಳ್ಳುವ ದೊಡ್ಡವರ ಮಂಡಿಗೇ ಅಷ್ಟು ಕಾಳಜಿ ಬೇಕಾಯಿತು. ನಿಮ್ಮ ಮಗನ ಕೋಚ್ ಜೊತೆ ಈ ವಾರವೇ ಮಾತಾಡಿ. ರಕ್‌ನಲ್ಲಿ ಒಂದು ಕ್ವಾರ್ಟರ್ ಸಾಕು, ಉಳಿದ ಹೊತ್ತು ವಿಂಗ್‌ನಲ್ಲೋ ಬ್ಯಾಕ್‌ನಲ್ಲೋ ಆಡಿಸಲಿ. ಹದಿಮೂರಕ್ಕೆ ಎಲ್ಲರಿಗಿಂತ ಉದ್ದ ಇದ್ದವನು ಹದಿನೆಂಟಕ್ಕೂ ಹಾಗೇ ಇರುತ್ತಾನೆ ಅಂತ ಏನೂ ಇಲ್ಲ. ಆಗ ಒದೆಯಲು, ಹಿಡಿಯಲು ಬರದಿದ್ದರೆ ಅವನನ್ನು ಯಾವ ಜಾಗದಲ್ಲಿ ಆಡಿಸ್ತೀರಿ ಅಂತ ಕೋಚ್‌ನನ್ನೇ ಕೇಳಿ.