ಗಂಗೊಳ್ಳಿಯ ಬಂದರಿನಲ್ಲಿ ಕಂಡ ಮೈಸೂರಿನ ಜಾವಾ

ಕರಾವಳಿಗೆ ವಾರಾಂತ್ಯದ ಪ್ರವಾಸ ಹೋದಾಗ ಹಳೆಯ ಕಾಲದ ಬೈಕೊಂದು ಅನಿರೀಕ್ಷಿತವಾಗಿ ಎದುರಾಗಿ ಮನಸ್ಸಿನಲ್ಲಿ ಉಳಿದ ಅನುಭವ ಯಾರಿಗಾದರೂ ಇದೆಯೇ, ಉಪ್ಪುಗಾಳಿಯ ಊರಿನಲ್ಲಿ ಅಂಥ ಬೈಕು ಇಷ್ಟು ವರ್ಷ ಉಳಿಯುವುದಾದರೂ ಹೇಗೆ ಎಂದು ನೀವು ಕೇಳಿದ್ದೀರಿ. ನನಗೆ ಅಂಥ ಅನುಭವವಿದೆ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವೂ ಅದರೊಳಗೇ ಇರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಾನು ಕಂಡದ್ದು ಮೈಸೂರಿನಲ್ಲಿ ತಯಾರಾದ ಜಾವಾ 250, ಕಂಡ ಸ್ಥಳ ಉಡುಪಿ ಜಿಲ್ಲೆಯ ಗಂಗೊಳ್ಳಿ. ಅದು ಉಳಿದಿರುವುದಕ್ಕೆ ಮುಖ್ಯ ಕಾರಣ, ಅದರ ಒಡೆಯರು ಅದನ್ನು ಇಂದಿಗೂ ದಿನನಿತ್ಯದ ಕೆಲಸಕ್ಕೆ ಓಡಿಸುತ್ತಿರುವುದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಡಿಸೆಂಬರ್ ತಿಂಗಳ ಒಂದು ಶನಿವಾರ ಬೆಳಗ್ಗೆ ನಾನೂ ನನ್ನ ಹೆಂಡತಿಯೂ ಶಿವಮೊಗ್ಗದಿಂದ ಕಾರಿನಲ್ಲಿ ಹೊರಟು, ತೀರ್ಥಹಳ್ಳಿಯ ಕಡೆಯಿಂದ ಹುಲಿಕಲ್ ಘಾಟಿ ಇಳಿದು, ಹೊಸಂಗಡಿ, ಸಿದ್ದಾಪುರಗಳ ಮೇಲೆ ಕುಂದಾಪುರ ಸೇರಿದೆವು. ನಮ್ಮ ಉದ್ದೇಶವಿದ್ದದ್ದು ಮರವಂತೆಯನ್ನು ನೋಡುವುದು. ಅಲ್ಲಿ ರಾಷ್ಟ್ರೀಯ ಹೆದ್ದಾರಿ 66 ಒಂದು ಬದಿಗೆ ಅರಬ್ಬೀ ಸಮುದ್ರವನ್ನೂ ಇನ್ನೊಂದು ಬದಿಗೆ ಸೌಪರ್ಣಿಕಾ ನದಿಯನ್ನೂ ಇಟ್ಟುಕೊಂಡು ಸಾಗುತ್ತದೆ. ಮಳೆಗಾಲದಲ್ಲಿ ಕಡಲ್ಕೊರೆತದಿಂದ ನಲುಗುವ ಈ ದಂಡೆ ಚಳಿಗಾಲದಲ್ಲಿ ಶಾಂತವಾಗಿರುತ್ತದೆ. ಆದರೂ ಇಲ್ಲಿ ನೀರಿಗಿಳಿದು ಈಜುವುದು ಅಪಾಯವೆಂದು ಸ್ಥಳೀಯರು ಹೇಳುವ ಮಾತನ್ನು ದಯವಿಟ್ಟು ಕೇಳಿ. ಅಂದು ಸಂಜೆ ಸೂರ್ಯಾಸ್ತ ನೋಡಿದೆವು, ರಾತ್ರಿ ನೀರ್ ದೋಸೆಯೂ ಕೋಳಿ ಸುಕ್ಕವೂ ಊಟಕ್ಕಿದ್ದವು. ಪ್ರವಾಸದ ವಿಷಯವಾಗಿ ನಾನು ಹೇಳಬೇಕಾದದ್ದು ಇಷ್ಟೇ.

ಮರುದಿನ ಬೆಳಗ್ಗೆ ಮೀನು ಬಂದರನ್ನು ನೋಡೋಣವೆಂದು ತ್ರಾಸಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಗಂಗೊಳ್ಳಿಯ ರಸ್ತೆ ಹಿಡಿದೆವು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಎಂಬ ಐದು ನದಿಗಳು ಕೂಡಿ ಪಂಚಗಂಗಾವಳಿಯಾಗಿ ಕಡಲು ಸೇರುವುದು ಇಲ್ಲಿಯೇ. ದೋಣಿಗಳಿಂದ ಇಳಿಸಿದ ಬಂಗುಡೆಯ ಬುಟ್ಟಿಗಳು, ಮಂಜುಗಡ್ಡೆಯ ಪೆಟ್ಟಿಗೆಗಳು, ಸರಕು ಸಾಗಿಸುವ ಮೂರು ಗಾಲಿಯ ರಿಕ್ಷಾಗಳು, ಸಾಲಾಗಿ ನಿಂತ ಸ್ಕೂಟರುಗಳು; ಇವುಗಳ ನಡುವೆ ಕಡುಗೆಂಪು ಬಣ್ಣದ ಟ್ಯಾಂಕು, ಅದರ ಇಕ್ಕೆಲಗಳಲ್ಲಿ ಕ್ರೋಮಿನ ಹೊಳಪು, ಮೊಣಕಾಲು ತಾಗುವಲ್ಲಿ ಕಪ್ಪು ರಬ್ಬರು. ಹಿಂದಿನ ಸೀಟಿಗೆ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಹಗ್ಗದಿಂದ ಕಟ್ಟಲಾಗಿತ್ತು. ಹಳೆಯ ವಾಹನಗಳ ಪ್ರದರ್ಶನದಲ್ಲಿ ಗಾಜಿನಂತೆ ಒರೆಸಿ ನಿಲ್ಲಿಸಿದ ಜಾವಾಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೀನು ತರಲು ಬಂದ ಜಾವಾವನ್ನು ನೋಡಿದ್ದು ಅದೇ ಮೊದಲು.

ನಾನು ಅದರ ಸುತ್ತ ತಿರುಗುತ್ತಿರುವುದನ್ನು ಕಂಡು, ಪಂಚೆಯುಟ್ಟ ಹಿರಿಯರೊಬ್ಬರು ಮೀನಿನ ಚೀಲ ಹಿಡಿದು ಹತ್ತಿರ ಬಂದರು. ಎಪ್ಪತ್ತೈದು ದಾಟಿದ ವಯಸ್ಸಿರಬೇಕು. ಹಂಚಿನ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿಯಾಗಿ ದುಡಿದು ನಿವೃತ್ತರಾದವರು. ಬೈಕು ಅವರ ಅಣ್ಣ ಹೊಸದಾಗಿ ಕೊಂಡದ್ದು. ಅಣ್ಣ ಮುಂಬೈಗೆ ಹೊರಟುಹೋದ ಮೇಲೆ ತಮ್ಮನ ಕೈಗೆ ಬಂದು, ಅಂದಿನಿಂದ ಆ ಮನೆಯಲ್ಲೇ ಇದೆ. ಇಷ್ಟು ಚೆನ್ನಾಗಿ ಇಟ್ಟುಕೊಂಡಿರುವ ಗುಟ್ಟೇನೆಂದು ಕೇಳಿದಾಗ ಅವರು ತಮ್ಮ ಕುಂದಾಪುರದ ಮಾತಿನಲ್ಲಿ, "ಕಾಣಿ, ನಿಲ್ಸಿರೆ ತುಕ್ಕ್ ಹಿಡಿತ್ತ್" ಎಂದಷ್ಟೇ ಹೇಳಿ, ಮೀನನ್ನು ಬುಟ್ಟಿಗೆ ಹಾಕಿದರು. ಅನಂತರ ನನ್ನ ಆಸಕ್ತಿ ನಿಜವಾದದ್ದೆಂದು ತಿಳಿದ ಮೇಲೆ, ತುಂಬ ಹೊತ್ತು ನಿಂತು ಒಂದೊಂದನ್ನೂ ತೋರಿಸಿಕೊಟ್ಟರು.

ಈ ಬೈಕಿನ ಹಿನ್ನೆಲೆಯನ್ನು ಅರಿಯದವರಿಗಾಗಿ ಕೆಲವು ಮಾತು. ಜಾವಾ ಮೂಲತಃ ಚೆಕೊಸ್ಲೊವಾಕಿಯಾದ ಬೈಕು. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಷೆಕ್ ಯಾನೆಚೆಕ್ ಅದರ ತಯಾರಿಕೆಯನ್ನು ಆರಂಭಿಸಿದರು. ಭಾರತಕ್ಕೆ ಅದನ್ನು ಆಮದು ಮಾಡಿಕೊಳ್ಳುತ್ತಿದ್ದವರಲ್ಲಿ ಮುಂಬೈನ ರುಸ್ತುಂ ಇರಾನಿ ಒಬ್ಬರು. ಆಮದಿನ ಮೇಲೆ ನಿರ್ಬಂಧ ಬಂದ ನಂತರ ಅವರು ಪರವಾನಗಿ ಪಡೆದು ಮೈಸೂರಿನಲ್ಲೇ ತಯಾರಿಸಲು ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆ 1961ರಲ್ಲಿ ಕೆಲಸ ಆರಂಭಿಸಿತು. ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರಿಂದ ಅಲ್ಲಿನ ಬೈಕುಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು, 1978ರಲ್ಲಿ ಹೆಸರಾಂತ ರೋಡ್‌ಕಿಂಗ್ ಹೊರಬಂದಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದ್ದರಿಂದ ಟ್ಯಾಂಕಿನ ಮೇಲೆ ಜಾವಾ ಎಂದೇ ಇರುವ ಮೈಸೂರಿನ ಹಳೆಯ ಬೈಕುಗಳು ಬಹುಮಟ್ಟಿಗೆ ಐವತ್ತು ವರ್ಷ ದಾಟಿದವು. ನಮ್ಮದೇ ನೆಲದ ಕಾರ್ಮಿಕರ ಕೈಯಿಂದ ಮೂಡಿದ ಯಂತ್ರವೊಂದು ಅರ್ಧ ಶತಮಾನದ ನಂತರವೂ ತನ್ನ ಕೆಲಸಕ್ಕೆ ತಾನೇ ಹೋಗಿ ಬರುತ್ತಿರುವುದು ನನಗೆ ಬಹಳ ಹೆಮ್ಮೆಯ ಸಂಗತಿ.

ಉಪ್ಪುಗಾಳಿಗೆ ಈಡಾಗಿಯೂ ಅದು ಬದುಕಿ ಉಳಿಯಲು ಅದರ ರಚನೆಯೂ ನೆರವಾಗಿದೆ. ಚೈನು ಪೂರ್ತಿಯಾಗಿ ತಗಡಿನ ಕವಚದೊಳಗಿದೆ. ಕಡಲ ಬದಿಯ ಊರಿನಲ್ಲಿ ತೆರೆದ ಚೈನಿಗೆ ಮರಳು ಅಂಟುತ್ತದೆ, ಅದರ ಮೇಲೆ ಉಪ್ಪಿನ ತೇವ ಕೂರುತ್ತದೆ, ಹಲ್ಲುಗಳು ಬೇಗ ಸವೆಯುತ್ತವೆ. ಈ ಬೈಕಿನಲ್ಲಿ ಆ ತೊಂದರೆ ಬಹಳ ಕಡಿಮೆ. ಎಂಜಿನ್ ಒಂದೇ ಸಿಲಿಂಡರಿನದು, 248.5 ಸಿಸಿಯದು, ಎರಡು ಸ್ಟ್ರೋಕಿನದು, ಅಂದರೆ ಪಿಸ್ಟನ್ ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗುವಷ್ಟರಲ್ಲೇ ಒಂದು ಸುತ್ತಿನ ಕೆಲಸ ಮುಗಿಸುವಂಥದ್ದು. ಒಂದೇ ಸಿಲಿಂಡರಿನಿಂದ ಎರಡು ಸೈಲೆನ್ಸರುಗಳು ಎರಡು ಬದಿಗೆ ಹೊರಡುತ್ತವೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ವಾಲ್ವುಗಳಿಲ್ಲ, ಅವನ್ನು ನಡೆಸುವ ಬಿಡಿಭಾಗಗಳೂ ಇಲ್ಲ. ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು, ಲೀಟರಿಗೆ ಸುಮಾರು 40 ಮಿಲಿಲೀಟರ್. ಈ ಮಿಶ್ರಣ ಪಿಸ್ಟನ್ನಿನ ಕೆಳಗಿನ ಕೋಶವಾದ ಕ್ರ್ಯಾಂಕ್‌ಕೇಸಿನ ಮೂಲಕವೇ ಹಾದು ಮೇಲೆ ಹೋಗುವುದರಿಂದ, ಎಂಜಿನ್ ಓಡಿದಷ್ಟು ಕಾಲವೂ ಒಳಗಿನ ಬೇರಿಂಗುಗಳ ಮೇಲೆ ಆಯಿಲಿನ ತೆಳು ಪದರವೊಂದು ಹೊಸದಾಗಿ ಕೂರುತ್ತಲೇ ಇರುತ್ತದೆ. ಓಡಿಸದೆ ನಿಲ್ಲಿಸಿದರೆ ಇದೆಲ್ಲವೂ ತಿರುಗುಮುರುಗು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಆವಿಯಾಗಿ ಜಿಗುಟಾದ ಆಯಿಲಷ್ಟೇ ಉಳಿಯುತ್ತದೆ, ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲುಗಳು ಒಣಗಿ ಗಡುಸಾಗುತ್ತವೆ, ತೇವದ ಗಾಳಿ ಒಳಹೊಕ್ಕು ಬೇರಿಂಗುಗಳಿಗೆ ತುಕ್ಕು ಹಿಡಿಸುತ್ತದೆ. ಸೀಲು ಕೆಟ್ಟರೆ ಕ್ರ್ಯಾಂಕ್‌ಕೇಸಿನ ಒತ್ತಡ ನಿಲ್ಲುವುದಿಲ್ಲ, ಒತ್ತಡವಿಲ್ಲದೆ ಈ ಎಂಜಿನ್ ಉಸಿರಾಡಲಾರದು. ಹಿರಿಯರ ಆ ಒಂದು ಸಾಲಿನ ಉತ್ತರದ ಹಿಂದೆ ಇಷ್ಟೆಲ್ಲ ಇದೆ.

ಹೊರಮೈಯ ರಕ್ಷಣೆಗೆ ಅವರು ಮಾಡುವ ಕೆಲಸ ಸರಳ, ಆದರೆ ಎಂದೂ ತಪ್ಪಿಸುವುದಿಲ್ಲ. ಬಂದರಿನಿಂದ ಮನೆಗೆ ಹೋದ ಕೂಡಲೇ ಬಾವಿಯ ಸಿಹಿನೀರಿನಿಂದ ಬೈಕನ್ನು ತೊಳೆಯುತ್ತಾರೆ, ಹಳೆಯ ಹತ್ತಿ ಬಟ್ಟೆಯಿಂದ ಒರೆಸುತ್ತಾರೆ. ಮಡ್‌ಗಾರ್ಡಿನ ಒಳಮೈಗೆ ಮೀನೆಣ್ಣೆ ಸವರುತ್ತಾರೆ. ಕರಾವಳಿಯಲ್ಲಿ ಮರದ ದೋಣಿಗಳಿಗೆ ಸವರುತ್ತಿದ್ದ ಎಣ್ಣೆಯೇ ಅದು. ಅದರ ವಾಸನೆ ಮನೆಯವರಿಗೆ ಒಗ್ಗಿಹೋಗಿದೆಯಂತೆ. ಕ್ರೋಮ್ ಲೇಪ ನೋಡಲು ಎಷ್ಟು ಗಟ್ಟಿಯಾಗಿ ಕಂಡರೂ ಬಹಳ ತೆಳುವಾದದ್ದು, ಅದರಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳಿರುತ್ತವೆ. ಉಪ್ಪುನೀರು ಅವುಗಳ ಮೂಲಕ ಕೆಳಗಿನ ಕಬ್ಬಿಣವನ್ನು ಮುಟ್ಟಿದರೆ ತುಕ್ಕು ಅಡಿಯಿಂದಲೇ ಹುಟ್ಟಿ ಲೇಪವನ್ನು ಎಬ್ಬಿಸುತ್ತದೆ. ಈ ಬೈಕಿನ ಸೈಲೆನ್ಸರಿನ ತುದಿಯಲ್ಲಿ, ಚಕ್ರದ ರಿಮ್ಮಿನ ಅಂಚಿನಲ್ಲಿ ಅಂಥ ಚುಕ್ಕೆಗಳು ಇದ್ದವು. ಅವನ್ನು ಅವರು ಮುಚ್ಚಿಡಲಿಲ್ಲ, ಹೊಸ ಕ್ರೋಮ್ ಹಾಕಿಸಿಯೂ ಇಲ್ಲ. ನನಗೆ ಆ ಚುಕ್ಕೆಗಳೂ ಹಿಡಿಸಿದವು, ಏಕೆಂದರೆ ಈ ಬೈಕು ಇದ್ದ ಊರು ಯಾವುದೆಂಬುದಕ್ಕೆ ಅವು ಸಾಕ್ಷಿ.

ಅವರು ಕೀಲಿಯನ್ನು ನನ್ನ ಕೈಗೆ ಕೊಟ್ಟು, ತ್ರಾಸಿಯ ಕಡೆಗೆ ಸ್ವಲ್ಪ ದೂರ ಓಡಿಸಿ ಬರುವಂತೆ ಹೇಳಿದರು. ಜಾವಾದ ಕಿಕ್ಕರ್ ಎಡಗಡೆಗೆ ಇದೆ. ಗೇರಿನ ಲಿವರೂ ಅದೇ. ಲಿವರನ್ನು ಒಳಗೆ ಒತ್ತಿ ನೆಟ್ಟಗೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ, ಎಂಜಿನ್ ಹೊತ್ತಿದ ಮೇಲೆ ಮುಂದಕ್ಕೆ ಮಡಚಿದರೆ ಗೇರಾಗುತ್ತದೆ. ಗೇರನ್ನು ಕಾಲಿನಿಂದ ಒತ್ತಿದಾಗ ಒಳಗಿನ ವ್ಯವಸ್ಥೆಯೇ ಕ್ಲಚ್ಚನ್ನು ಬಿಡಿಸುವುದರಿಂದ, ಓಡುತ್ತಿರುವಾಗ ಕೈಯ ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದು. ಅಷ್ಟು ಹಿಂದೆ ಇಂಥ ಸೌಲಭ್ಯವನ್ನು ಯೋಚಿಸಿದವರ ಬುದ್ಧಿಗೆ ನಾನು ಮನಸಾರೆ ತಲೆಬಾಗುತ್ತೇನೆ. ಕಾರ್ಬುರೇಟರಿನ ಪುಟ್ಟ ಗುಂಡಿಯನ್ನು ಪೆಟ್ರೋಲ್ ತುಳುಕುವವರೆಗೆ ಒತ್ತಿ ಕಿಕ್ ಹೊಡೆದಾಗ ಎಂಜಿನ್ ತಡಮಾಡದೆ ಹೊತ್ತಿಕೊಂಡು, ಜಾವಾಕ್ಕಷ್ಟೇ ಮೀಸಲಾದ ಆ ಬಿಟ್ಟು ಬಿಟ್ಟು ಬಡಿಯುವ ದನಿಯನ್ನು ಹೊರಡಿಸಿತು. ಗಾಡಿಯ ನಡಿಗೆ ಮೃದುವಾಗಿದೆ, 16 ಇಂಚಿನ ಚಕ್ರಗಳಿಂದಾಗಿ ಸವಾರನ ಪಾದಗಳು ನೆಲಕ್ಕೆ ಸುಲಭವಾಗಿ ಎಟುಕುತ್ತವೆ. ಆದರೆ ಡ್ರಮ್ ಬ್ರೇಕುಗಳು ಇಂದಿನ ಸಂಚಾರಕ್ಕೆ ಸಾಲವು, 6 ವೋಲ್ಟಿನ ದೀಪದ ಬೆಳಕು ರಾತ್ರಿಯ ಹೆದ್ದಾರಿಗೆ ಏನೇನೂ ಸಾಲದು. ಅವರು ಕತ್ತಲಾದ ಮೇಲೆ ಅದನ್ನು ಹೊರಗೆ ತೆಗೆಯುವುದಿಲ್ಲ. ಹೆದ್ದಾರಿಗೆ ಹೋಗಬೇಕಾದರೆ ಬಸ್ಸು ಹತ್ತುತ್ತಾರೆ. ಓಡಿಸುತ್ತಲೇ ಉಳಿಸಿಕೊಳ್ಳಬೇಕೆಂದು ನಾನು ಹೇಳುವಾಗ ಈ ಎಚ್ಚರವೂ ಅದರೊಳಗೆ ಸೇರಿದೆ.

ಕಾಗದಪತ್ರಗಳ ವಿಷಯವನ್ನೂ ಹೇಳಲೇಬೇಕು, ಏಕೆಂದರೆ ಹಲವರು ಇಲ್ಲಿ ಗೊಂದಲಕ್ಕೊಳಗಾಗುತ್ತಾರೆ. ಖಾಸಗಿ ವಾಹನದ ನೋಂದಣಿ ಮೊದಲ 15 ವರ್ಷಕ್ಕೆ ಇರುತ್ತದೆ, ಆಮೇಲೆ ವಾಹನದ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯನ್ನು ತಂದಿತು. ಅದರಡಿ ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು. ಗಂಗೊಳ್ಳಿಯ ಹಿರಿಯರು ಸಾಮಾನ್ಯ ನೋಂದಣಿಯನ್ನೇ ನವೀಕರಿಸುತ್ತ ಬಂದಿದ್ದಾರೆ. ಸಂಗ್ರಹಕಾರರಿಗೆ ವಿಂಟೇಜ್ ನೋಂದಣಿ ಒಪ್ಪುತ್ತದೆ. ಮನೆಯ ಬೈಕನ್ನು ಮನೆಯ ಬೈಕಾಗಿಯೇ ಉಳಿಸಿಕೊಳ್ಳಬೇಕೆನ್ನುವವರಿಗೆ ಅವರ ದಾರಿಯೇ ಸರಿಯೆಂದು ನನಗನಿಸುತ್ತದೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ, ಅಥವಾ ಕೊಳ್ಳುವ ಯೋಚನೆಯಿದ್ದರೆ, ಕೆಲವು ಸೂಚನೆಗಳನ್ನು ಕೊಡುತ್ತೇನೆ. ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ನೋಂದಣಿ ಪತ್ರದ ಜೊತೆ ತಾಳೆಯಾಗುತ್ತವೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಿ. ಬಣ್ಣವನ್ನೂ ಕ್ರೋಮನ್ನೂ ಹೊಸದಾಗಿ ಮಾಡಿಸಬಹುದು, ಸಂಖ್ಯೆಗಳನ್ನು ಸರಿಪಡಿಸಲಾಗದು. ಟ್ಯಾಂಕಿನ ಒಳಗೆ ಟಾರ್ಚು ಬಿಟ್ಟು ತುಕ್ಕಿದೆಯೇ ಪರೀಕ್ಷಿಸಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುವ ಗುಣದ್ದಾದ್ದರಿಂದ ಕಬ್ಬಿಣದ ಹಳೆಯ ಟ್ಯಾಂಕಿಗೂ ಹಳೆಯ ರಬ್ಬರ್ ಪೈಪುಗಳಿಗೂ ಒಳ್ಳೆಯದಲ್ಲ, ಕರಾವಳಿಯ ತೇವದಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು. ಕೆಲವು ದಿನ ಓಡಿಸುವುದಿಲ್ಲವೆಂದು ಗೊತ್ತಿದ್ದರೆ ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ ಕಾರ್ಬುರೇಟರನ್ನು ಖಾಲಿ ಮಾಡಿಡಿ. ಸೈಲೆನ್ಸರಿನ ಒಳಗೆ ಕಟ್ಟುವ ಮಸಿಯನ್ನು ಆಗಾಗ ತೆಗೆಸದಿದ್ದರೆ ಎಂಜಿನ್ನಿನ ಬಲ ಕುಂದುತ್ತದೆ. ಬಿಡಿಭಾಗಗಳಿಗಾಗಿ ಮೈಸೂರಿನ ಹಳೆಯ ಮೆಕ್ಯಾನಿಕ್ಕರನ್ನೂ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ವಿಚಾರಿಸಿ. ಜಾವಾ ಹೆಸರು 2018ರಲ್ಲಿಯೂ ಯೆಜ್ಡಿ ಹೆಸರು 2022ರಲ್ಲಿಯೂ ಮಾರುಕಟ್ಟೆಗೆ ಮರಳಿವೆ. ಆದರೆ ಆ ಹೊಸ ಬೈಕುಗಳ ಎಂಜಿನ್ ನಾಲ್ಕು ಸ್ಟ್ರೋಕಿನದಾದ್ದರಿಂದ ಅವುಗಳ ಭಾಗಗಳು ಹಳೆಯದಕ್ಕೆ ಕೂರುವುದಿಲ್ಲ.

ದಾರಿಯಲ್ಲಿ ಆಕಸ್ಮಿಕವಾಗಿ ಸಿಗುವವರೆಗೆ ಕಾಯುವುದು ಬೇಡವೆನ್ನುವುದಾದರೆ, ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರದಂದು ಜಾವಾ–ಯೆಜ್ಡಿ ದಿನವನ್ನು ಆಚರಿಸುತ್ತಾರೆ. ಅಂದು ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಇವುಗಳ ಒಡೆಯರು ತಮ್ಮ ತಮ್ಮ ಬೈಕುಗಳನ್ನು ಓಡಿಸಿಕೊಂಡು ಬಂದು ಒಂದೆಡೆ ಸೇರುತ್ತಾರೆ, ಕೇಳಿದವರಿಗೆ ಬಿಚ್ಚಿ ತೋರಿಸಿ ವಿವರಿಸುವ ಉತ್ಸಾಹವೂ ಅವರಲ್ಲಿದೆ. ಜುಲೈ ಕರಾವಳಿಯಲ್ಲಿ ಬಿರುಮಳೆಯ ಕಾಲವಾದ್ದರಿಂದ ಮರವಂತೆ, ಗಂಗೊಳ್ಳಿಗಳ ಪ್ರವಾಸವನ್ನು ನವೆಂಬರ್‌ನಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳಿ. ಬಂದರಿಗೆ ಹೋಗುವುದಾದರೆ ಬೆಳಗ್ಗೆ ಬೇಗನೆ ಹೋಗಿ, ಮೀನು ಕೊಳ್ಳಲು ಬರುವವರು ಬಿಸಿಲೇರುವ ಮೊದಲೇ ಮನೆಗೆ ಹೊರಟುಬಿಡುತ್ತಾರೆ.